ಸೋಪಿನ ಡಬ್ಬಿಯೊಳಗಿನ ಮೆಟ್ಟಿಲುಗಳು

ಕೆಟ್ಟುಹೋದ ವಸ್ತು ಯಾವುದೇ ಇರಲಿ, ಅದು ಎದುರಿಗೆ ಬಂದ ಕೂಡಲೇ ನಮ್ಮ ಕಾರ್ಖಾನೆಯ ಅಕ್ಕೋರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಆಮೇಲೆ ಸುಮ್ಮನೆ ನೋಡುತ್ತ ನಿಲ್ಲುವುದು. ಪಕ್ಕದಲ್ಲಿದ್ದ ನಮಗೆ ಜೀವ ಹೋದಂತಾಗುತ್ತಿತ್ತು. ಸೋಲ್ಡರಿಂಗ್ ಐರನ್ ಕಾದು ಕೂತಿರುತ್ತಿತ್ತು, ಮ್ಯಾನೇಜರು ಬಾಗಿಲಲ್ಲಿ ಎರಡೆರಡು ಸಲ ಇಣುಕಿ ಹೋಗುತ್ತಿದ್ದರು. ಅಕ್ಕೋರಿಗೆ ಅದ್ಯಾವುದೂ ಕಾಣುತ್ತಿರಲಿಲ್ಲ. "ಕೈ ಹಿಂದ, ಕಣ್ಣ ಮುಂದ," ಅನ್ನುತ್ತಿದ್ದರು. "ಗಡಿಬಿಡಿ ಮಾಡಿದ್ರ ಒಂದ ಕೆಟ್ಟದ್ದು ಎರಡಾಗ್ತದ."

ಹೋದ ದೀಪಾವಳಿ ಮುಗಿದು ತುಳಸಿ ಲಗ್ನ ಬರುವುದರೊಳಗೆ ಅವರು ತೀರಿಕೊಂಡರು. ನಾನು ಸುದ್ದಿ ಕೇಳಿ ಧನಕವಡಿಯ ಅವರ ಮನೆಗೆ ಹೋದಾಗ ಹಾಲ್‌ನಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಕಾಲಿಗೆ ಬೀಳಬೇಕೋ, ಪಕ್ಕದಲ್ಲಿ ಕೂತು ಅಳಬೇಕೋ ಒಂದೂ ತಿಳಿಯಲಿಲ್ಲ. ನೋಡಿಕೊಂಡರೆ ನನ್ನ ಎರಡೂ ಕೈಗಳು ಆಗಲೇ ಬೆನ್ನ ಹಿಂದೆ ಹೋಗಿದ್ದವು.

ನಾನು ಬೈಲಹೊಂಗಲದಿಂದ ಡಿಪ್ಲೊಮಾ ಮುಗಿಸಿಕೊಂಡು ಪುಣೆಗೆ ಬಂದಾಗ ಮೊದಲು ಸೇರಿದ್ದು ಹಡಪಸರದ ಒಂದು ಸಣ್ಣ ಕಾರ್ಖಾನೆಗೆ. ಅಂಗಡಿಗಳ ಎಲೆಕ್ಟ್ರಾನಿಕ್ ತಕ್ಕಡಿಗೆ ಬೇಕಾದ ಬೋರ್ಡುಗಳನ್ನು ಅಲ್ಲಿ ಮಾಡುತ್ತಿದ್ದರು. ಅವನ್ನು ಪರೀಕ್ಷೆ ಮಾಡಿ ಪಾಸು ಮಾಡುವ ವಿಭಾಗಕ್ಕೆ ಇವರೇ ಮುಖ್ಯಸ್ಥರು. ಇಂಡಿ ಕಡೆಯವರು, ಮದುವೆಯಾಗಿ ಪುಣೆಗೆ ಬಂದವರು. ನನ್ನ ಮರಾಠಿ ಅರ್ಧ ದಾರಿಯಲ್ಲಿ ಕುಂಟುತ್ತಿದ್ದದ್ದನ್ನು ನೋಡಿ, "ಕನ್ನಡದಾಗ ಹೇಳ ತಂಗಿ, ಬೋರ್ಡಿಗೆ ಎಲ್ಲಾ ಭಾಷಾನೂ ತಿಳೀತದ," ಅಂದರು. ಊರಲ್ಲಿ ಸಾಲಿಯ ಟೀಚರುಗಳನ್ನು ಕರೆಯುವಂತೆ ನಾನು ಅವರನ್ನು ಅಕ್ಕೋರು ಅನ್ನತೊಡಗಿದೆ. ವಿಭಾಗದ ಮರಾಠಿ ಹುಡುಗಿಯರು ಅದೇ ಅವರ ಅಡ್ಡಹೆಸರು ಇರಬೇಕೆಂದುಕೊಂಡು ಅಕ್ಕೋರ ಮ್ಯಾಡಂ ಎಂದು ಕರೆಯುತ್ತಿದ್ದರು. ಅವರೂ ತಿದ್ದಲಿಲ್ಲ.

ನೋಡಿ ಮುಗಿದ ಮೇಲೆ ಅವರು ಎರಡು ಪ್ರಶ್ನೆ ಕೇಳುತ್ತಿದ್ದರು. ಯಾವ ಬೋರ್ಡು ಬಂದರೂ ಅವೇ ಎರಡು. "ಕಡೀಕ ಛಲೋ ಇದ್ದದ್ದು ಯಾವಾಗ? ಆಮ್ಯಾಲೆ ಏನ ಬದಲಾತು?" ಉತ್ತರ ಸಿಗುವ ತನಕ ಸ್ಕ್ರೂಡ್ರೈವರು ಮುಟ್ಟುವಂತಿಲ್ಲ. ನನ್ನ ನಿಶ್ಚಯವಾಗಿದ್ದ ಮದುವೆಯೊಂದು ಮುರಿದುಬಿದ್ದು ನಾನು ಊಟದ ಹೊತ್ತಿನಲ್ಲಿ ಡಬ್ಬಿ ಮುಂದಿಟ್ಟುಕೊಂಡು ಮುಸುಮುಸು ಅಳುತ್ತಿದ್ದಾಗಲೂ ಅವರು ಎದುರಿಗೆ ಬಂದು, ಕೈ ಹಿಂದೆ ಕಟ್ಟಿ, ಅದನ್ನೇ ಕೇಳಿದರು. ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸಿ ನೋಡಿದರೆ ಆ ಸಂಬಂಧ ಛಲೋ ಇದ್ದ ದಿನ ಒಂದೂ ನೆನಪಾಗಲಿಲ್ಲ. ಹಾಗಂತ ಹೇಳಿದೆ. "ಹಂಗಾರ ಅದು ರಿಪೇರಿ ಅಲ್ಲ, ಸ್ಕ್ರ್ಯಾಪು. ಉಣ್ಣು," ಅಂದು ತಮ್ಮ ಡಬ್ಬಿಯಲ್ಲಿದ್ದ ಶೇಂಗಾ ಹೋಳಿಗೆ ನನ್ನ ಡಬ್ಬಿಗೆ ಹಾಕಿದರು.

ಪಾಸಾದ ಬೋರ್ಡಿಗೆ ಹಸಿರು ಚೀಟಿ, ಆಗದ್ದಕ್ಕೆ ಕೆಂಪು. ತಿಂಗಳ ಕೊನೆಯಲ್ಲಿ ಮಾಲು ಹೋಗಬೇಕಾದಾಗ ಮ್ಯಾನೇಜರು ಮೆತ್ತಗೆ ಬಂದು, ಇಷ್ಟು ಸಣ್ಣ ದೋಷ ಗಿರಾಕಿಗೆ ತಿಳಿಯುವುದಿಲ್ಲ ಎಂದು ರಾಗ ಎಳೆಯುತ್ತಿದ್ದರು. ಅಕ್ಕೋರು ತಲೆ ಎತ್ತದೆ ಕೆಂಪು ಚೀಟಿ ಹಚ್ಚುತ್ತಿದ್ದರು. ಗೊತ್ತಿಲ್ಲದ ದೋಷ ಹೋದರೆ ಅದು ದೇವರ ಇಚ್ಛೆ, ಗೊತ್ತಿದ್ದ ದೋಷ ತನ್ನ ಕೈ ದಾಟಿ ಹೋಗುವುದಿಲ್ಲ ಎನ್ನುವುದು ಅವರ ಹಟ. ಇನ್ನೊಂದು ಹಟವೂ ಇತ್ತು. ಕೆಟ್ಟ ಜಾಗವನ್ನಷ್ಟೇ ಮುಟ್ಟಬೇಕು, ಸರಿಯಾಗಿರುವುದನ್ನು ಹೋಗಿ ಕೆದಕಬಾರದು. ಈ ಎರಡನೆಯದು ಮುಂದೆ ಬೇಕಾಗುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ನಾನು ಆಮೇಲೆ ವಿಮಾನ ನಗರದ ಒಂದು ಆಫೀಸು ಸೇರಿದೆ. ಅವರು ನಿವೃತ್ತರಾದರು. ಆದರೂ ರಜೆ ಸಿಕ್ಕಾಗ ಸ್ವಾರಗೇಟದಲ್ಲಿ ಬಸ್ಸು ಬದಲಿಸಿ ಅವರ ಮನೆಗೆ ಹೋಗುವುದು ತಪ್ಪಲಿಲ್ಲ. ಮಕ್ಕಳಿರಲಿಲ್ಲ. ಅವರ ಯಜಮಾನರು, ನಾನು ಕಾಕಾ ಅನ್ನುತ್ತಿದ್ದೆ, ರವಿವಾರ ಪೇಠೆಯ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಅಕ್ಕೋರು ಎತ್ತರ, ಗಟ್ಟಿ ಆಳು. ಕಾಕಾ ಅವರ ಭುಜಕ್ಕೆ ಬರುವಷ್ಟು, ಕಡ್ಡಿಯಂಥ ಮನುಷ್ಯ. ಮನೆದೇವರು ಜೇಜುರಿಯ ಖಂಡೋಬ. ಹೊಸದಾಗಿ ಮದುವೆಯಾದವನು ಅಲ್ಲಿ ಹೆಂಡತಿಯನ್ನು ಹೊತ್ತುಕೊಂಡು ನಾಲ್ಕಾರು ಮೆಟ್ಟಿಲು ಹತ್ತುವ ಪದ್ಧತಿ. ಶಾಸ್ತ್ರಕ್ಕೆ ಅಷ್ಟು ಸಾಕು. ಕಾಕಾಗೆ ಸಾಕಾಗಲಿಲ್ಲ. ನೆರೆದವರು ನಕ್ಕರು ಎಂಬ ಕೆಚ್ಚಿಗೆ ಹೆಂಡತಿಯನ್ನು ಗುಡಿಯವರೆಗೂ ಹೊತ್ತೊಯ್ಯುತ್ತೇನೆಂದು ಹೊರಟು, ಅರ್ಧಕ್ಕೆ ಮೊಣಕಾಲು ನಡುಗಿ ಇಳಿಸಿಬಿಟ್ಟರಂತೆ. ಇವರು ಇಳಿದು ಉಳಿದದ್ದನ್ನು ತಾವೇ ನಡೆದರಂತೆ. ಈ ಕತೆ ಹೇಳಿದಾಗಲೆಲ್ಲ ಅಕ್ಕೋರು ನಗುತ್ತಿದ್ದರು. ಕಾಕಾ ನಗುತ್ತಿರಲಿಲ್ಲ. "ಅರ್ಧಕ್ಕ ಬಿಟ್ಟೆ ನೋಡು," ಅಂತ ಆಗಷ್ಟೇ ಇಳಿಸಿದವರ ಹಾಗೆ ಹೇಳುತ್ತಿದ್ದರು.

ಅಂಥ ಕಾಕಾಗೆ ಪಾರ್ಶ್ವವಾಯು ಹೊಡೆಯಿತು. ಎಡಭಾಗ ಪೂರ್ತಿ ಹೋಯಿತು, ಬಲಭಾಗವೂ ಸೋತಿತು, ಮಾತು ಹೋಯಿತು. ಬಲಗೈಯಲ್ಲಿ ಹೆಬ್ಬೆರಳು ಮಾತ್ರ ಹೇಳಿದ ಮಾತು ಕೇಳುತ್ತಿತ್ತು. ಮುಂಜಾನೆ ಅಕ್ಕೋರು ಖಂಡೋಬನ ಭಂಡಾರದ ಬಟ್ಟಲು ಹಿಡಿದರೆ ಕಾಕಾ ಆ ಹೆಬ್ಬೆರಳನ್ನು ಅದರೊಳಗಿನ ಅರಿಶಿನದಲ್ಲಿ ಅದ್ದುತ್ತಿದ್ದರು. ಅದನ್ನು ಹಣೆಯ ತನಕ ಒಯ್ಯಲು ಇವರು ಮೊಣಕೈ ಹಿಡಿದು ಎತ್ತಬೇಕಿತ್ತು. ವ್ಯಾಯಾಮ ಮಾಡಿಸಲು ಬರುತ್ತಿದ್ದವನು ಹೆಬ್ಬೆರಳಿಗೆ ದಿನಾ ಕೆಲಸ ಕೊಡಿ, ಇಲ್ಲದಿದ್ದರೆ ಅದೂ ಹೋಗುತ್ತದೆ ಅಂದಿದ್ದ. ರಬ್ಬರ್ ಚೆಂಡು ಕೊಟ್ಟರೆ ಕಾಕಾ ಮುಖ ತಿರುಗಿಸಿದರು. ಮೊಬೈಲಿನ ಆಟಗಳು ಕಣ್ಣು ಮುಚ್ಚಿ ತೆರೆಯುವುದರೊಳಗೆ ಸೋಲಿಸುತ್ತಿದ್ದವು, ಅವರಿಗೆ ಅವಮಾನವಾಗುತ್ತಿತ್ತು. ಆಗ ಅಕ್ಕೋರು ಹಳೆಯ ಸಾಮಾನಿನ ಡಬ್ಬ ತೆಗೆದರು.

ಪ್ರಯಾಣಕ್ಕೆ ಒಯ್ಯುವ ಗುಲಾಬಿ ಬಣ್ಣದ ಸೋಪಿನ ಡಬ್ಬಿಯೊಂದು ಆಟದ ಯಂತ್ರವಾಯಿತು. ಮುಚ್ಚಳಕ್ಕೆ ಚೌಕ ಕತ್ತರಿಸಿ ಬೆಂಕಿಪೊಟ್ಟಣದಷ್ಟು ಕಪ್ಪುಬಿಳುಪು ಪರದೆ ಕೂರಿಸಿದರು. ಹಾಳಾದ ಟಿವಿ ರಿಮೋಟಿನಿಂದ ಎರಡು ರಬ್ಬರ್ ಗುಂಡಿ ಕಿತ್ತು ಬಲಕ್ಕೊಂದು ಎಡಕ್ಕೊಂದು ಹಚ್ಚಿದರು. ಆಟವನ್ನೂ ಅವರೇ ಬರೆದರು. ಪರದೆಯ ತುಂಬ ಮೆಟ್ಟಿಲು. ಬಲಗುಂಡಿ ಒತ್ತಿದರೆ ಗಂಡಸೊಬ್ಬ ಬೆನ್ನ ಮೇಲೆ ಹೆಂಗಸನ್ನು ಹೊತ್ತು ಒಂದು ಮೆಟ್ಟಿಲು ಏರುತ್ತಾನೆ, ದಪ್ಪ ದನಿಯಲ್ಲಿ ಟಕ್ ಅನ್ನುತ್ತದೆ. ಎಡಗುಂಡಿ ಒತ್ತಿದರೆ ಹೆಂಗಸು ಗಂಡಸನ್ನು ಹೊತ್ತು ಏರುತ್ತಾಳೆ, ಅದಕ್ಕೆ ಸಣ್ಣ ದನಿ, ಟಿಕ್. ತುದಿ ಮುಟ್ಟಿದರೆ ಮೇಲಿನಿಂದ ಭಂಡಾರ ಎರಚಿದ ಹಾಗೆ ಚುಕ್ಕೆಗಳು ಸುರಿಯುತ್ತವೆ, ಎರಡೂ ದನಿ ಕೂಡಿ ಬರುತ್ತವೆ. ನಡುವೆ ಬಹಳ ಹೊತ್ತು ನಿಂತರೆ ಪರದೆ ಆರಿ ಮತ್ತೆ ಬುಡದಿಂದಲೇ ಶುರು. ಆ ಎರಡು ದನಿ ಕೂಡಿದರೆ ಹೇಗಿರುತ್ತದೆ ತೋರಿಸು ಎಂದು ಕಾಕಾ ಕಣ್ಣಲ್ಲೇ ಕೇಳಿದರೆ, "ಮ್ಯಾಲ ಮುಟ್ಟಿ ಕೇಳ್ರಿ," ಅಂದುಬಿಟ್ಟರು.

ಮೊದಮೊದಲು ಅದು ಅಕ್ಕೋರ ಕೈಯಲ್ಲಿ ಚೆನ್ನಾಗಿ ನಡೆಯುತ್ತಿತ್ತು, ಕಾಕಾರ ಕೈಗೆ ಹೋದ ಕೂಡಲೇ ಸತ್ತುಹೋಗುತ್ತಿತ್ತು. ವಾಪಸು ತಂದರೆ ಜೀವ. ಮತ್ತೆ ಕೊಟ್ಟರೆ ಇಲ್ಲ. ಕಾಕಾರ ಮುಖ ಸಣ್ಣದಾಯಿತು. ಇದಕ್ಕೂ ನಾನು ಬೇಡವಾದೆ ಅನ್ನುವ ನೋಟ. ಅಕ್ಕೋರು ಹಾಸಿಗೆಯ ಪಕ್ಕ ಕೈ ಹಿಂದೆ ಕಟ್ಟಿ ನಿಂತು, ಯಂತ್ರವನ್ನು ಬಿಟ್ಟು ಅವರ ಕೈಯನ್ನೇ ನೋಡತೊಡಗಿದರು. ಕಾಕಾರ ಬೆರಳುಗಳು ಸೆಟೆದು ಡಬ್ಬಿಯನ್ನು ಬಿಗಿಯಾಗಿ ಅವುಚುತ್ತಿದ್ದವು. ತೆಳ್ಳಗಿನ ಡಬ್ಬಿ ಬಾಗಿದರೆ ಒಳಗೆ ಸರಿಯಾಗಿ ಬೆಸುಗೆ ಕೂರದ ತಂತಿಯೊಂದು ಬಿಟ್ಟುಕೊಳ್ಳುತ್ತಿತ್ತು. "ತಪ್ಪು ನಿಮ್ಮ ಕೈದಲ್ಲ, ನನ್ನ ಬೆಸುಗೀದು," ಎಂದು ಅವರಿಗೆ ಕೇಳುವಂತೆ ಹೇಳಿ ಬೆಸುಗೆ ಮತ್ತೆ ಹಾಕಿದರು. ಹೆಬ್ಬೆರಳಿಗೆ ಬಲವಿಲ್ಲವೆಂದು ಗುಂಡಿಗಳನ್ನೂ ತೀರಾ ನಾಜೂಕಾಗಿ ಮಾಡಿದರು. ಪೂರ್ತಿ ಒತ್ತುವುದೇ ಬೇಡ, ಸೋಕಿದಂತಾದರೂ ಒಳಗಿನ ಎಲೆಕ್ಟ್ರಾನಿಕ್ ಚಿಪ್ಪಿಗೆ ತಿಳಿಯಬೇಕು, ಹಾಗೆ.

ಅಲ್ಲಿಂದ ಕಾಕಾ ಹತ್ತತೊಡಗಿದರು. ಸಂಜೆ ನಾಲ್ಕರ ಚಹಾ ಕುಡಿಸಿದ ಮೇಲೆ ಅವರ ಆಟ. ಎರಡು ಸಲ ಟಕ್ ಟಕ್, ಆಮೇಲೆ ಉಸಿರು ಎಳೆದುಕೊಳ್ಳುವಷ್ಟು ಬಿಡುವು, ಮತ್ತೆ ಟಕ್ ಟಕ್. ಹಣೆಯಲ್ಲಿ ಬೆವರು. ಅಕ್ಕೋರು ಎಡಗಡೆಯಿಂದ ಡಬ್ಬಿ ಹಿಡಿದುಕೊಂಡು ಕೂರುತ್ತಿದ್ದರು. ಕಾಕಾ ಸೋತು ಬೆರಳು ಎತ್ತಿದಾಗ, "ಇಳೀರಿ, ಈಗ ನನ್ನ ಪಾಳಿ. ನಿಮ್ಮದೇನ ಭಾರ," ಎಂದು ಎಡಗುಂಡಿಯನ್ನು ಸರಸರ ಒತ್ತಿ ಕೆಲವು ಮೆಟ್ಟಿಲು ಹತ್ತಿ ನಿಲ್ಲಿಸಿಬಿಡುತ್ತಿದ್ದರು. ತುದಿಯ ತನಕ ಹೋಗುತ್ತಿರಲಿಲ್ಲ. ಅವರಿಗಿಂತ ಮೊದಲು ತಾನು ಮುಟ್ಟುವುದು ಸರಿಯಲ್ಲ ಎಂದು ನನ್ನ ಹತ್ತಿರ ಹೇಳಿದ್ದರು. ಒಮ್ಮೆ ಕಾಕಾಗೆ ತಿಳಿಯದಂತೆ ಮೆಟ್ಟಿಲುಗಳನ್ನು ಅರ್ಧಕ್ಕರ್ಧ ಕಡಿಮೆ ಮಾಡಿ ಇಟ್ಟರು. ಗುಮಾಸ್ತರ ಕಣ್ಣು, ಪರದೆ ನೋಡುತ್ತಲೇ ಗೊತ್ತಾಯಿತು. ಹೆಂಡತಿಯನ್ನು ದುರುಗುಟ್ಟಿ ನೋಡಿ, ಮೆಟ್ಟಿಲು ಮೊದಲಿನಷ್ಟಾಗುವ ತನಕ ಗುಂಡಿ ಮುಟ್ಟಲಿಲ್ಲ.

ಕಾಕಾ ತುದಿ ಮುಟ್ಟಲಿಲ್ಲ. ಒಂದು ವೈಶಾಖದ ಮುಂಜಾನೆ, ಹಣೆಯ ಮೇಲಿನ ಭಂಡಾರ ಇನ್ನೂ ಹಸಿಯಾಗಿರುವಾಗಲೇ, ಹೋಗಿಬಿಟ್ಟರು. ಅಕ್ಕೋರು ಅತ್ತದ್ದನ್ನು ನಾನು ನೋಡಲಿಲ್ಲ. ಸೋಪಿನ ಡಬ್ಬಿಯನ್ನು ಅಡುಗೆಮನೆಯ ಗೂಡಿನಲ್ಲಿ ಭಂಡಾರದ ಬಟ್ಟಲಿನ ಪಕ್ಕಕ್ಕೆ ಇಟ್ಟರು. ಬ್ಯಾಟರಿ ತೆಗೆಯಲಿಲ್ಲ. ಯಾವ ಯಂತ್ರವನ್ನಾದರೂ ಎತ್ತಿಡುವ ಮುಂಚೆ ಬ್ಯಾಟರಿ ತೆಗೆಯಿರಿ ಎಂದು ನಮ್ಮ ಪ್ರಾಣ ತಿನ್ನುತ್ತಿದ್ದವರು ಇದರದನ್ನು ಮಾತ್ರ ಹಾಗೇ ಬಿಟ್ಟರು.

ಮಳೆಗಾಲ ಕೂತ ಮೇಲೆ ಒಂದು ದಿನ ಫೋನು ಬಂತು. ರವಿವಾರ ಬಾ, ಒಂದು ದೋಷ ನೋಡಬೇಕು ಅಂದರು. ದನಿ ಎಂದಿನಂತೆಯೇ ಇತ್ತು. ಹೋದೆ. ಹೊರಗೆ ಜಿಟಿಜಿಟಿ, ಮನೆಯ ಗೋಡೆಗಳೆಲ್ಲ ಬೆವತಿದ್ದವು. ನನ್ನನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿ, ಮಾತಾಡಬೇಡ ಎಂದು ಸನ್ನೆ ಮಾಡಿ, ಚಹಾಕ್ಕೆ ಇಟ್ಟರು. ನೀರು ಕುದಿಯಿತು, ಸಕ್ಕರೆ ಬಿತ್ತು, ಹಾಲು ಬಿತ್ತು. ಚಹಾ ಸೋಸುವಾಗ ಗೂಡಿನಿಂದ ದನಿ ಬಂತು.

ಟಕ್ ಟಕ್. ಬಿಡುವು. ಟಕ್ ಟಕ್.

ಗೂಡಿನೊಳಗೆ ಪರದೆ ಬೆಳಗಿತ್ತು. ಗಂಡಸು ಹೆಂಗಸನ್ನು ಹೊತ್ತು ಎರಡು ಮೆಟ್ಟಿಲು ಏರಿ ನಿಂತ. ಉಸಿರು ಎಳೆದುಕೊಂಡವನ ಹಾಗೆ ತಡೆದ. ಮತ್ತೆ ಎರಡು ಏರಿದ. ಅದು ಕಾಕಾರದೇ ನಡೆ. ಆ ಬಿಡುವು ಎಷ್ಟಿರುತ್ತಿತ್ತು ಎಂದು ನನಗೆ ಗೊತ್ತು. ಅಕ್ಕೋರಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರು ಕೈ ಹಿಂದೆ ಕಟ್ಟಿ ನಿಂತಿದ್ದರು. ಬೆನ್ನ ಹಿಂದೆ ಆ ಕೈಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದು ನನಗೆ ಕಾಣುತ್ತಿತ್ತು.

ಇದು ದಿನಾ ನಾಲ್ಕಕ್ಕೆ ಆಗುತ್ತಿದೆ ಅಂದರು. ಕೆಳಗಿನ ಮನೆಯ ಮರಾಠಿ ಅಜ್ಜಿ ಒಮ್ಮೆ ಕೇಳಿ, ಅವರು ಬಂದಿದ್ದಾರೆ, ಶಾಂತಿ ಮಾಡಿಸು ಅಂದರಂತೆ. ಬಂದಿದ್ದರೆ ಬರಲಿ, ಮೊದಲು ಬ್ಯಾಟರಿ ತಪಾಸಿಸುತ್ತೇನೆ ಎಂದು ಇವರು ಮರಾಠಿಯಲ್ಲಿ ಉತ್ತರ ಕೊಟ್ಟರಂತೆ. ಹೇಳುತ್ತ ನಗಲು ನೋಡಿದರು, ನಗು ಬರಲಿಲ್ಲ. ಬ್ಯಾಟರಿ ಬದಲಿಸಿ ಆಗಿತ್ತು. ಬೆಸುಗೆಗಳನ್ನು ಒಂದೊಂದಾಗಿ ಭೂತಗನ್ನಡಿ ಹಿಡಿದು ನೋಡಿ ಆಗಿತ್ತು. ತಂತಿಗಳನ್ನು ಅಲುಗಾಡಿಸಿ ಆಗಿತ್ತು. ಏನೂ ಸಿಕ್ಕಿರಲಿಲ್ಲ.

ಚಹಾದ ಕಪ್ಪು ಹಿಡಿದು ಹಾಲ್‌ನಲ್ಲಿ ಕೂತೆವು. ಅವರ ಪ್ರಶ್ನೆಯನ್ನು ಅವರಿಗೇ ಕೇಳುವ ಧೈರ್ಯ ನನಗಾಗಲಿಲ್ಲ. ಅವರೇ ಶುರು ಮಾಡಿದರು.

"ಕಡೀಕ ಛಲೋ ಇದ್ದದ್ದು ಅವರು ಇದ್ದಾಗ. ಆಮ್ಯಾಲೆ ಬದಲಾದದ್ದು ಒಂದ."

ಅಲ್ಲಿಗೆ ನಿಂತರು. ಗೂಡಿನಿಂದ ಟಕ್ ಟಕ್ ಎಂದು ಬಂತು. ಕಪ್ಪನ್ನು ಬಸಿಯ ಮೇಲಿಟ್ಟರು. ಆಮೇಲೆ ಅವರೇ ತಲೆ ಅಲ್ಲಾಡಿಸಿದರು.

"ಅಲ್ಲ. ಮಳಿನೂ ಸುರು ಆಗ್ಯದ. ಎರಡ ಬದಲಾಗ್ಯಾವ ತಂಗಿ. ಎರಡ ಬದಲಾದ್ರ ಒಂದೊಂದ ಬ್ಯಾರೆ ಮಾಡಿ ನೋಡಬೇಕು."

ಮರುದಿನ ಅವರು ಚಹಾ ಮಾಡಲಿಲ್ಲ. ನಾಲ್ಕಾಯಿತು, ಐದಾಯಿತು, ಗೂಡು ಸುಮ್ಮನಿತ್ತು. ಅದರ ಮರುದಿನ ಮಾಡಿದರು, ದನಿ ಬಂತು. ಇನ್ನೊಂದು ದಿನ ಮುಂಜಾನೆಯೇ ಪಾತ್ರೆ ತುಂಬ ಬರೀ ನೀರು ಕುದಿಸಿದರು. ಮುಂಜಾನೆಯೇ ದನಿ ಬಂತು. ಒಲೆಯ ಹಬೆ ನೇರವಾಗಿ ಗೂಡಿಗೆ ಏರುತ್ತಿತ್ತು. ಕಾಕಾರ ವೇಳೆಗೆ ಸರಿಯಾಗಿ ಆಟ ನಡೆಯುತ್ತಿದ್ದದ್ದು, ಕಾಕಾ ಹೋದ ಮೇಲೂ ಇವರು ಆ ವೇಳೆಗೆ ಚಹಾ ಮಾಡುವುದನ್ನು ಬಿಟ್ಟಿರಲಿಲ್ಲವಾದ್ದರಿಂದ. ಇಷ್ಟನ್ನೂ ಫೋನಿನಲ್ಲಿ ಹೇಳಿ, ಮುಂದಿನದನ್ನು ಒಬ್ಬಳೇ ಬಿಚ್ಚುವುದಿಲ್ಲ, ನೀನೂ ಬಾ ಅಂದರು. ಯಾವ ಬೋರ್ಡನ್ನು ಬಿಚ್ಚುವುದಕ್ಕೂ ಅವರು ಜೊತೆ ಕೇಳಿದವರಲ್ಲ.

ಶ್ರಾವಣದ ಮೊದಲ ರವಿವಾರ ಕಿಟಕಿಯ ಪಕ್ಕ ಮೇಜು ಎಳೆದುಕೊಂಡು ಡಬ್ಬಿ ಬಿಚ್ಚಿದರು. ಬಲಗಡೆಯ ರಬ್ಬರ್ ಗುಂಡಿಯನ್ನು ಚಿಮಟಿಗೆಯಲ್ಲಿ ಎತ್ತಿದರು. ಕೆಳಗೆ ಬಾಚಣಿಗೆಯ ಹಲ್ಲುಗಳ ಹಾಗೆ ಒಂದರ ಸಂದಿಯಲ್ಲಿ ಇನ್ನೊಂದು ತೂರಿ, ಆದರೆ ತಾಗದಂತೆ ಎಳೆದ ಎರಡು ತಾಮ್ರದ ಗೆರೆಗಳು. ಗುಂಡಿ ಒತ್ತಿದಾಗ ಅವು ಕೂಡಬೇಕು. ಬಿಟ್ಟಾಗ ನಡುವೆ ಏನೂ ಇರಬಾರದು. ಅಲ್ಲಿ ಅರಿಶಿನ ಇತ್ತು. ಗೆರೆಗಳ ಸಂದಿಯಲ್ಲೆಲ್ಲ ಹಳದಿ ಪುಡಿ ಕೂತು, ಬೆವರಿನ ಉಪ್ಪಿನ ಜೊತೆ ಕಲೆತು ಗಟ್ಟಿಯಾಗಿತ್ತು. ಒಣಗಿದ್ದಾಗ ಅದರಿಂದ ತೊಂದರೆಯಿಲ್ಲ. ಮಳೆಗಾಲದ ಹಸಿಯಲ್ಲಿ ಹಬೆ ತಾಗಿದರೆ ಗುಂಡಿ ಸೋಕಿದಂತೆಯೇ ಚಿಪ್ಪಿಗೆ ಅನ್ನಿಸುತ್ತಿತ್ತು, ಹಬೆ ಸರಿದರೆ ಬಿಟ್ಟುಹೋಗುತ್ತಿತ್ತು.

ಬೇರೆ ಯಾರ ಮನೆಯ ಯಂತ್ರಕ್ಕೂ ಈ ರೋಗ ಬರುತ್ತಿರಲಿಲ್ಲ. ದಿನಾ ಮುಂಜಾನೆ ಭಂಡಾರದಲ್ಲಿ ಅದ್ದಿದ ಹೆಬ್ಬೆರಳು ಅದು. ಸಂಜೆ ಅದೇ ಬೆರಳು ಆ ಗುಂಡಿಯ ಮೇಲೆ. ನಾಜೂಕಾಗಿರಲಿ ಎಂದು ಮಾಡಿದವರೂ ಇವರೇ. ದೋಷ ಎಲ್ಲಿದೆ ಎಂದು ಹುಡುಕುತ್ತ ಹೋಗಿ ನಾವು ಕಾಕಾರ ಹೆಬ್ಬೆರಳಿಗೆ ಬಂದು ನಿಂತಿದ್ದೆವು.

ಮೇಜಿನ ಮೇಲೆ ಸ್ಪಿರಿಟ್ ಬಾಟಲಿ, ಹತ್ತಿ ಸುತ್ತಿದ ಕಡ್ಡಿ ಸಿದ್ಧವಾಗಿದ್ದವು. ಒಮ್ಮೆ ಒರೆಸಿದರೆ ಗೂಡಿನಿಂದ ಮತ್ತೆಂದೂ ದನಿ ಬರುವುದಿಲ್ಲ. ನನಗೆ ತಡೆಯಲಾಗಲಿಲ್ಲ. ಒರೆಸಬೇಡಿ ಅಕ್ಕೋರೇ, ಇರಲಿ ಬಿಡಿ, ಯಾರಿಗೆ ಏನು ತೊಂದರೆ ಅಂದೆ. ಅವರು ನನ್ನ ಕಡೆ ನೋಡದೆ ಮಾತಾಡಿದರು.

"ಅವರು ಒಂದೊಂದ ಮೆಟ್ಟಲಾ ಬೆವರ ಸುರಿಸಿ ಹತ್ಯಾರ ತಂಗಿ. ಇದು ಪುಕ್ಕಟೆ ಹತ್ತಲಿಕ್ಹತ್ಯದ. ಅವರ ಹೆಸರಿಲೆ ಇದಕ್ಕ ಪುಕ್ಕಟೆ ಹತ್ತಗೊಡಂಗಿಲ್ಲ ನಾ."

ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿದರು. ಹತ್ತಿ ಹಳದಿಯಾಗಿ ಬಂತು. ಇನ್ನೊಂದು ಕಡ್ಡಿ, ಇನ್ನೊಂದು, ತಾಮ್ರ ಹೊಳೆಯುವ ತನಕ. ಆಮೇಲೆ ಮೊದಲಿನ ಆ ಹಳದಿ ಕಡ್ಡಿಯನ್ನು ಎತ್ತಿ ತಮ್ಮ ಹಣೆಗೆ ಒತ್ತಿಕೊಂಡರು. ಕಾಕಾ ಹೋದ ಮೇಲೆ ಆ ಹಣೆ ಬರಿದಾಗಿತ್ತು. "ತಂಪಾತು," ಅಂದರು. ಸ್ಪಿರಿಟ್ ಆರುವಾಗ ಯಾರಿಗಾದರೂ ತಂಪಾಗುತ್ತದೆ. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಾನು ಅತ್ತೆ.

ಎಡಗಡೆಯ ಗುಂಡಿಯನ್ನೂ ಎತ್ತಿ ನೋಡಲೇ ಎಂದು ಕೇಳಿದೆ. ಅದೇನು ಮಾಡಿದೆ, ಸುಮ್ಮನಿರುವುದನ್ನು ಯಾಕೆ ಮುಟ್ಟುತ್ತಿ ಎಂದು ಗದರಿದರು. ಡಬ್ಬಿ ಮುಚ್ಚಿ ಹಬೆಗೆ ಹಿಡಿದು ನೋಡಿದರು. ದನಿಯಿಲ್ಲ. ಕಾರ್ಖಾನೆಯಿಂದ ತಂದಿಟ್ಟುಕೊಂಡಿದ್ದ ಹಸಿರು ಚೀಟಿಯೊಂದನ್ನು ತಳಕ್ಕೆ ಹಚ್ಚಿದರು. ಅಂದು ಬ್ಯಾಟರಿಯನ್ನೂ ತೆಗೆದರು.

ಆಮೇಲೆ ಎರಡು ಮೂರು ವರ್ಷ ಅವರು ಒಬ್ಬರೇ ಇದ್ದರು. ಸೊಸೈಟಿಯವರ ಮಿಕ್ಸರು, ಇಸ್ತ್ರಿಪೆಟ್ಟಿಗೆಗಳ ಮುಂದೆ ಕೈ ಕಟ್ಟಿ ನಿಲ್ಲುತ್ತ, ಎಲ್ಲರನ್ನೂ ಗದರುತ್ತ. ಕಾಕಾರ ಮಾತು ಬಂದರೆ ಒಂದನ್ನೇ ಹೇಳುತ್ತಿದ್ದರು. ಅವರದು ಅರ್ಧಕ್ಕೇ ಉಳಿಯಿತು, ಅವರನ್ನು ತುದಿಯ ತನಕ ಹೊತ್ತೊಯ್ಯಲು ನನ್ನಲ್ಲಿ ಬಲವಿತ್ತು, ಅವರು ಬಿಡಲಿಲ್ಲ ಎಂದು. ನಗುತ್ತ ಹೇಳುತ್ತಿದ್ದ ಜೇಜುರಿಯ ಕತೆಯನ್ನು ಈಗ ನಗದೆ ಹೇಳುತ್ತಿದ್ದರು.

ಅವರ ದಿನಕರ್ಮ ಮುಗಿದ ಮೇಲೆ, ಎಲ್ಲ ಮಾಡಿದ ಅವರ ತಮ್ಮನ ಮಗ ಒಂದು ಚೀಲ ತಂದುಕೊಟ್ಟ. ಅತ್ತೆ ಹೇಳಿಟ್ಟಿದ್ದರಂತೆ, ಇದು ಆ ತಂಗಿಗೆ ಎಂದು. ಸೋಪಿನ ಡಬ್ಬಿ, ಬೇರೆ ಕಾಗದದಲ್ಲಿ ಸುತ್ತಿದ ಬ್ಯಾಟರಿ. ತಳದಲ್ಲಿ ಹಸಿರು ಚೀಟಿ. ಮನೆಗೆ ತಂದು ಬ್ಯಾಟರಿ ಹಾಕಿ ನೋಡಿದೆ. ಬಲಕ್ಕೆ ಟಕ್, ಎಡಕ್ಕೆ ಟಿಕ್. ಎರಡೂ ಕೇಳಿಸಿದವು. ತುದಿಯ ತನಕ ಒತ್ತಲು ನನಗೂ ಮನಸ್ಸಾಗಲಿಲ್ಲ. ಹಾಲ್‌ನ ಗಾಜಿನ ಕಪಾಟಿನಲ್ಲಿಟ್ಟೆ. ಬ್ಯಾಟರಿ ತೆಗೆಯಲು ಕೈ ಹೋಯಿತು, ಯಾಕೋ ಬಿಟ್ಟೆ.

ಹೋದ ರವಿವಾರ ಮಧ್ಯಾಹ್ನ ಒಗೆದ ಬಟ್ಟೆ ಮಡಚುತ್ತ ಕೂತಿದ್ದೆ. ಪುಣೆಯ ಚಳಿಗಾಲದ ಬಿಸಿಲು, ತುಟಿ ಒಡೆಯುವಷ್ಟು ಒಣಹವೆ. ಕಪಾಟಿನಿಂದ ಸಣ್ಣ ದನಿ ಬಂತು. ಟಿಕ್. ಮೊಬೈಲು ಇರಬೇಕೆಂದುಕೊಂಡೆ. ಟಿಕ್ ಟಿಕ್ ಟಿಕ್ ಟಿಕ್. ಬಿಡುವಿಲ್ಲ. ಪಾಳಿ ಬಂದ ಕೂಡಲೇ ಅಕ್ಕೋರು ಸರಸರ ಒತ್ತುತ್ತಿದ್ದರಲ್ಲ, ಹಾಗೆ.

ಎದ್ದು ಹೋಗಿ ನೋಡಿದೆ. ಗಾಜಿನೊಳಗೆ ಪರದೆ ಬೆಳಗಿತ್ತು. ಹೆಂಗಸು ಗಂಡಸನ್ನು ಬೆನ್ನ ಮೇಲೆ ಹೊತ್ತು ಏರುತ್ತಿದ್ದಳು.

ಏನಿರಬಹುದು ಎಂದು ನನಗೆ ಗೊತ್ತು. ಎಡಗುಂಡಿಯನ್ನು ಅಂದು ಎತ್ತಿರಲಿಲ್ಲ. ಕಾಕಾಗೆ ಭಂಡಾರದ ಬಟ್ಟಲು ಹಿಡಿಯುತ್ತಿದ್ದ ಕೈಯೇ ಅದನ್ನು ಒತ್ತುತ್ತಿದ್ದದ್ದು. ಅದರ ಕೆಳಗೂ ಹಳದಿ ಇರುತ್ತದೆ. ಸ್ಪಿರಿಟ್ ನನ್ನ ಡ್ರಾದಲ್ಲೇ ಇದೆ. ಕಪಾಟಿನ ಹಿಡಿಯ ತನಕ ಕೈ ಹೋಯಿತು. ಆಮೇಲೆ ಆ ಎರಡು ಪ್ರಶ್ನೆಗಳು ಬಂದವು. ಕಡೆಗೆ ಚೆನ್ನಾಗಿದ್ದದ್ದು ಯಾವಾಗ? ಅವರು ಇದ್ದಾಗ. ಆಮೇಲೆ ಏನು ಬದಲಾಯಿತು? ಅವರು ಹೋದರು. ಮಳೆಯಿಲ್ಲ. ಒಲೆಯ ಮೇಲೆ ಏನೂ ಇರಲಿಲ್ಲ. ಗಾಜು ಮುಚ್ಚಿತ್ತು. ಬೇರೆ ಮಾಡಿ ನೋಡಲು ಎರಡನೆಯದು ಯಾವುದೂ ನನಗೆ ಸಿಗಲಿಲ್ಲ.

ಕೈ ಹಿಂದೆ ಕಟ್ಟಿಕೊಂಡು ನಿಂತೆ. ಅವಳು ಎಲ್ಲಿಯೂ ನಿಲ್ಲದೆ ಏರಿದಳು. ಕಾಕಾ ಸೋತು ನಿಲ್ಲುತ್ತಿದ್ದ ಜಾಗ ದಾಟಿದಳು. ಕೊನೆಯ ಮೆಟ್ಟಿಲು ಮುಟ್ಟಿದಳು. ಮೇಲಿನಿಂದ ಚುಕ್ಕೆಗಳು ಸುರಿದವು. ದಪ್ಪ ದನಿ, ಸಣ್ಣ ದನಿ ಎರಡೂ ಕೂಡಿ ಬಂದವು.

ಗೊತ್ತಿದ್ದ ದೋಷ ಕೈ ದಾಟಿ ಹೋಗಬಾರದೆಂದು ನನಗೆ ಕಲಿಸಿದವರೇ ಅವರು. ಆದರೂ ತಳದಲ್ಲಿರುವ ಆ ಹಸಿರು ಚೀಟಿಯನ್ನು ನಾನು ಕಿತ್ತಿಲ್ಲ.